ಮೂರನೆಯ ಸಲ

ಯಾನ್ನಿನಾ ಕೋಟೆಯೊಳಗಿನ ನಮ್ಮ ಓಣಿಯಲ್ಲಿ
ಪಸ್ಕ ಹಬ್ಬದ ಅಕ್ಕಿಯನ್ನು ಮೂರು ಸಲ ಆರಿಸುವ ವಾಡಿಕೆ.
ಒಂದು ಸಲ ಕಣ್ಣಿಗೆ, ಒಂದು ಸಲ ಬೆರಳಿಗೆ,
ಮೂರನೆಯದು ದೇವರಿಗೆ,
ಅನ್ನುತ್ತಿದ್ದಳು ಅಜ್ಜಿ ಸ್ತಮೂಲಾ.
ಒಂದೇ ಒಂದು ಗೋಧಿಕಾಳು ಒಳಗುಳಿದರೂ
ಈಜಿಪ್ಟು ಬಿಟ್ಟು ಹೊರಟವರು
ಹೊಸ್ತಿಲು ದಾಟಲಿಲ್ಲ ಅಂತಲೇ ಲೆಕ್ಕ.

ತಾಮ್ರದ ತಟ್ಟೆ. ಕಿಟಕಿಯಾಚೆ ಸರೋವರ,
ನೀರಿನಲ್ಲಿ ತಲೆಕೆಳಗಾದ ಮಸೀದಿಯ ಗೋಪುರ.
ನನಗೆ ಒಂಬತ್ತು, ಬಾಯಿ ಸುಮ್ಮನಿರದ ವಯಸ್ಸು.
"ದೇವರು ನಮ್ಮನ್ನು ಆರಿಸಿದ ಅಂತೀಯಲ್ಲ ಅಜ್ಜೀ,
ಹೇಗೆ ಆರಿಸಿದ?
ತಟ್ಟೆಯಲ್ಲಿ ಉಳಿಯುವ ಅಕ್ಕಿಯ ಹಾಗೋ,
ಹೆಕ್ಕಿ ಆಚೆ ಎಸೆಯುವ ಕಲ್ಲಿನ ಹಾಗೋ?"

ಅಜ್ಜಿಯ ಬೆರಳು ನಿಂತಿತು.
ಮತ್ತೆ ನಡೆಯಿತು.
"ಕಣ್ಣು ತಟ್ಟೆಯ ಮೇಲಿರಲಿ."

ಮೂಲೆಯಲ್ಲಿ ಓಲೆಗೆ ಮೆರುಗು ಕೊಡುತ್ತ ಅಜ್ಜ ಶೆಮಾರ್ಯ,
"ಬೆಂಕಿಗೆ ಹಾಕೋದು ಬೆಳ್ಳೀನ, ತಗಡನ್ನಲ್ಲ" ಎಂದ.
ಆ ಮಾತನ್ನು ಆಮೇಲೆ ನಾನು
ಯಾರ ಮುಂದೆಯೂ ಆಡಿಲ್ಲ.

ಚಿಕ್ಕಪ್ಪ ಯೆಸೂಲಾ ನಕ್ಕ. ಪತ್ರಿಕೆ ಓದುವವ,
ಬೆಟ್ಟದವರ ಜೊತೆ ಗುಟ್ಟಿನ ಓಡಾಟದವ.
"ಊರೂರು ಹೊತ್ತು ತಿರುಗಿದನಂತೆ ದೇವರು ತನ್ನ ಕಟ್ಟಳೆಯ ಗಂಟು,
ಯಾರೂ ಕೊಳ್ಳಲಿಲ್ಲ. ಕೊನೆಗೆ ನಮ್ಮವರ ತಲೆಯ ಮೇಲೆ
ಬೆಟ್ಟವನ್ನೇ ಕೊಪ್ಪರಿಗೆಯಂತೆ ಬೋರಲು ಹಿಡಿದು
ಒಪ್ಪುತ್ತೀರೋ, ಬಿಡಲೋ ಅಂದನಂತೆ.
ಇದಕ್ಕೆ ಆಯ್ಕೆ ಅಂತಾರಾ, ಅಮ್ಮಾ?"
"ನನ್ನ ಮದುವೆಯೂ ಹೀಗೇ ಆದದ್ದು.
ಐವತ್ತು ವರ್ಷ ನಿಂತಿಲ್ಲವಾ?"

ಹಾಗಾದರೆ ಪಕ್ಕದ ಮನೆಯ ಪೊಲಿಕ್ಸೇನಿಯನ್ನು
ಆರಿಸಿದವರು ಯಾರು?
"ಮೊನ್ನೆ ಎಣ್ಣೆ ಕೇಳಿದ್ದಳು.
ಒಂದು ಬಟ್ಟಲು ಕೊಟ್ಟು ಬಾ" ಅಂದಳು ಅಜ್ಜಿ,
ಅದೇ ಉತ್ತರ ಎಂಬಂತೆ.

ಸಬ್ಬತ್ತಿನ ದಿನ ಬೇಡದ ಕೆಲಸಗಳು ಮೂವತ್ತೊಂಬತ್ತು.
ನನಗೆ ನೆನಪಿದ್ದದ್ದು ಎರಡೇ:
ಕಾಳು ಆರಿಸಬಾರದು,
ದೀಪ ಆರಿಸಬಾರದು.

ಆ ವಾರ ಎರಡು ಸಲ ಆರಿಸಿಯಾಗಿತ್ತು.
ಬುಧವಾರ ಚಿಕ್ಕಪ್ಪ ನನ್ನನ್ನು ಹೇಸರಗತ್ತೆಯ ಮೇಲೆ
ಮೇಕೆತೊಗಲಿನ ಚೀಲಗಳ ನಡುವೆ ಮಲಗಿಸಿ
ಬೆಟ್ಟಕ್ಕೆ ಕರೆದೊಯ್ದ.
"ಮೂರನೆಯದು ನೀನು ಬಂದ ಮೇಲೆ" ಅಂದಳು ಅಜ್ಜಿ,
ಜಾಡಿಯ ಬಾಯಿಗೆ ಬಟ್ಟೆ ಕಟ್ಟುತ್ತ.

ಬಂದವರು ಸಬ್ಬತ್ತಿನ ಬೆಳಗನ್ನೇ ಆರಿಸಿಕೊಂಡು ಬಂದರು.
ಮಾರ್ಚಿನ ಕೊನೆ. ಹಿಮ ಬೀಳುತ್ತಿತ್ತಂತೆ.
ಓಣಿಯ ಬಾಯಿಗೆ ಲಾರಿಗಳು. ಕೈಯಲ್ಲಿ ಪಟ್ಟಿ.
ಹಸಿ ಬಾಣಂತಿ, ಕುರುಡ ಗಂಟೆಗಾರ ನೆಗ್ರಿನ್,
ಲಾರಿಸಾದಿಂದ ಸಾಲ ಕೇಳಲು ಬಂದು
ಹಿಂದಿನ ರಾತ್ರಿ ಇಲ್ಲೇ ತಂಗಿದ್ದ ಮುದುಕ.
ಅಕ್ಕಿಯೆನ್ನಲಿಲ್ಲ, ಕಲ್ಲೆನ್ನಲಿಲ್ಲ.
ತಟ್ಟೆಯನ್ನೇ ಬೋರಲು ಹಾಕಿದರು.

ಮರಳಿದಾಗ ನನಗೆ ಹತ್ತು.
ಚಿಕ್ಕಪ್ಪ ಬೆಟ್ಟದಲ್ಲೇ ಉಳಿದ, ಹೆಸರಿಲ್ಲದ ಒಂದು ಕಲ್ಲುಗುಪ್ಪೆಯ ಕೆಳಗೆ.
ಪೊಲಿಕ್ಸೇನಿ ಜಾಡಿ ತಂದುಕೊಟ್ಟಳು.
"ಅವರು ಹೋದ ಮೇಲೆ ಒಳಗೆ ಬಂದೆ ಮಗೂ.
ದೀಪ ಉರಿಯುತ್ತಿತ್ತು. ಆರಿಸಲು ಕೈ ಹೋಯಿತು.
ನಿಮ್ಮಜ್ಜಿ ಬೈದಾಳು ಅನ್ನಿಸಿತು. ಸುಮ್ಮನೆ ಕೂತೆ.
ಕತ್ತಲಾದ ಮೇಲೆ ಯಾವಾಗಲೋ
ತಾನೇ ಆರಿತು."

ಅವಳ ಕಿವಿಯಲ್ಲಿ ಅಜ್ಜನ ಕೈಯ ಬೆಳ್ಳಿ ಓಲೆ.
ನಾನು ನೋಡಿದ್ದನ್ನು ಅವಳು ನೋಡಿದಳು.
ಕೊಟ್ಟದ್ದೋ, ಎತ್ತಿಕೊಂಡದ್ದೋ,
ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಬಾಗಿಲಿಲ್ಲದ ಮನೆ. ತಾಮ್ರದ ತಟ್ಟೆಯೂ ಇರಲಿಲ್ಲ.
ನೆಲದ ಮೇಲೆ ಲಂಗ ಹರಡಿ ಅಕ್ಕಿ ಸುರಿದೆ.
ಕಣ್ಣಿನದು ಮುಗಿದಿತ್ತು, ಬೆರಳಿನದೂ.
ಉಳಿದದ್ದು ದೇವರ ಪಾಲಿನದು.
ಆ ಸಂಜೆ ಅವನ ಮೇಲಿನ ಸಿಟ್ಟಿಗೇ ಆರಿಸಿದೆ,
ಒಂದೊಂದೇ ಕಾಳು.

ಗೋಧಿ ಸಿಗಲಿಲ್ಲ.
ಒಂದು ಕಲ್ಲು ಸಿಕ್ಕಿತು, ಸಾಸಿವೆಗಿಂತ ತುಸು ದೊಡ್ಡದು.
ಎಸೆಯಲು ಎತ್ತಿದ ಕೈ
ಎತ್ತಿದಂತೆಯೇ ನಿಂತಿತು.

ಅಕ್ಕಿ ಆರು ಸೇರಿತ್ತು.
ಒಂಬತ್ತು ಜನರಿಗೆಂದು
ಅಜ್ಜಿ ಅಳೆದಿಟ್ಟದ್ದು.